ಟೆಂಪೋ ಹೊರಡುವ ಮುನ್ನ: ಸಾರಿಗೆಯ ಸರ್ಕಾರಿ ಮಾಹಿತಿಯನ್ನು ಹುಡುಕುವ ಬಗೆ



ಅಡಿಗೆಯ ಅಳತೆ, ಗ್ಯಾಸಿನ ಲೆಕ್ಕ, ಬಡಿಸುವವರ ಸಂಬಳ ಇವುಗಳ ಬಗ್ಗೆ ಈ ಪುಟಗಳಲ್ಲಿ ಸಾಕಷ್ಟು ಬರೆದಾಗಿದೆ. ಈ ಸಲದ ಅಧ್ಯಯನ ಲೇಖನಕ್ಕೆ ಸಾಗಾಟದ ವಿಷಯವನ್ನು ಎತ್ತಿಕೊಂಡಿದ್ದೇವೆ. ಅಹಮದಾಬಾದ್, ವಡೋದರಾ, ಸೂರತ್ ಈ ಮೂರೂ ಊರುಗಳಲ್ಲಿ ನಮ್ಮವರ ಅಡಿಗೆಮನೆ ಒಂದು ಕಡೆ ಇರುತ್ತದೆ, ಮದುವೆಯ ಪಾರ್ಟಿ ಪ್ಲಾಟ್ ಇನ್ನೊಂದು ಕಡೆ ಇರುತ್ತದೆ. ಬಿಸಿ ಊಟವನ್ನು 65 ಡಿಗ್ರಿಗಿಂತ ಕೆಳಗೆ ಇಳಿಯಗೊಡಬಾರದು ಎಂದು ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ. ಸಾಂಬಾರಿನ ಕೊಪ್ಪರಿಗೆ ಟೆಂಪೋದಲ್ಲಿ ಎರಡು ಗಂಟೆ ಹೆಚ್ಚಿಗೆ ಕೂತರೆ ಆ ನಿಯಮವೂ ಹೋಯಿತು, ಮುಹೂರ್ತದ ಊಟವೂ ಹೋಯಿತು.

ಸೀಸನ್ ಬಂತೆಂದರೆ ಸಂಘದ ಫೋನಿಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ನಾಳೆ ಹಗಲು ಆ ರಸ್ತೆಯಲ್ಲಿ ಐಷರ್ ಬಿಡುತ್ತಾರಾ? ಆ ಸೇತುವೆ ತೆರೆದಿದೆಯಾ? ಭಟ್ಟರ ರೈಲು ಸೂರತ್‌ನಲ್ಲೇ ನಿಲ್ಲುತ್ತಾ, ಉಧನಾದಲ್ಲಾ? ಇವಕ್ಕೆಲ್ಲ ನಾವು ಸಾಮಾನ್ಯವಾಗಿ ಉತ್ತರ ಹುಡುಕುವುದು ಪರಿಚಯದ ಡ್ರೈವರನ ಬಳಿ, ಇಲ್ಲವೇ ವಾಟ್ಸಪ್ ಗುಂಪಿನಲ್ಲಿ. ಡ್ರೈವರ್ ಹೇಳುವುದು ಅವನು ಕೊನೆಯ ಬಾರಿ ಹೋದ ದಿನದ ಸ್ಥಿತಿ. ಗುಂಪಿನಲ್ಲಿ ಬರುವುದು ಕಳೆದ ವರ್ಷದ ಆದೇಶದ ಫೋಟೋ ಆಗಿರಲೂಬಹುದು. ಸರಿಯಾದ ಉತ್ತರ ಬಹುಪಾಲು ಸರ್ಕಾರದ ಯಾವುದೋ ಒಂದು ಕಚೇರಿಯಲ್ಲಿ ಬರಹದಲ್ಲಿದೆ, ಅದನ್ನು ನೋಡಲು ದುಡ್ಡೂ ಕೊಡಬೇಕಿಲ್ಲ. ಯಾವ ಕಚೇರಿ ಎಂಬುದು ಗೊತ್ತಿರಬೇಕು, ಅಷ್ಟೆ.

ಮೊದಲು ಕೇಳಬೇಕಾದ್ದು: ಈ ರಸ್ತೆ ಯಾರದು?

‘ಸಾರಿಗೆ ಇಲಾಖೆ’ ಎಂದು ಹುಡುಕಿದರೆ ಎಲ್ಲ ಸಿಗುತ್ತದೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಸಾರಿಗೆ ಇಲಾಖೆ, ಅಂದರೆ ಆರ್‌ಟಿಒ, ವಾಹನ ಮತ್ತು ಚಾಲಕರ ಲೆಕ್ಕ ಇಡುತ್ತದೆ. ರಸ್ತೆ ಅದರದ್ದಲ್ಲ. ರಸ್ತೆಗೆ ಬೇರೆ ಬೇರೆ ಒಡೆಯರಿದ್ದಾರೆ, ಮಾಹಿತಿ ಇರುವುದು ಆ ಒಡೆಯರ ಬಳಿ.

ಒಂದು ಟ್ರಿಪ್ಪನ್ನೇ ನೋಡೋಣ. ಅಹಮದಾಬಾದಿನ ಮಣಿನಗರದ ಅಡಿಗೆಮನೆಯಿಂದ ಪಾತ್ರೆ ಪಡಗ ತುಂಬಿಕೊಂಡು ಸೂರತ್‌ಗೆ ಹೊರಟಿದ್ದೇವೆ, ಸುಮಾರು 265 ಕಿಲೋಮೀಟರ್. ಮನೆ ಮುಂದಿನ ರಸ್ತೆ ಮಹಾನಗರಪಾಲಿಕೆಯದು. ಸಿಟಿಎಂ ದಾಟಿ ಎಕ್ಸ್‌ಪ್ರೆಸ್‌ವೇ ಏರಿದರೆ ಅದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಸುಮಾರು 93 ಕಿಲೋಮೀಟರ್ ಉದ್ದದ, 2004ರಲ್ಲಿ ಪೂರ್ಣಗೊಂಡ ಈ ರಸ್ತೆಗೆ ‘ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇ 1’ ಎಂಬ ಹೆಸರು. ಇದರ ಮೇಲೆ ದ್ವಿಚಕ್ರ, ತ್ರಿಚಕ್ರಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಲೋಡಿಂಗ್ ರಿಕ್ಷಾದಲ್ಲಿ ಸಾಮಾನು ಕಳಿಸುವವರು ಹಳೆಯ ರಸ್ತೆಯಲ್ಲೇ ಹೋಗಬೇಕು. ವಡೋದರಾ ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 48. ಭರೂಚ್‌ನಲ್ಲಿ ನರ್ಮದೆಯ ಮೇಲಿನ ಕೇಬಲ್ ಸೇತುವೆ 2017ರ ಮಾರ್ಚ್‌ನಲ್ಲಿ ತೆರೆದ ಮೇಲೆ ಅಲ್ಲಿ ಗಂಟೆಗಟ್ಟಲೆ ನಿಲ್ಲುವ ಕಾಲ ಹೋಯಿತು. ಕಾಮರೇಜ್‌ನಲ್ಲಿ ಹೆದ್ದಾರಿ ಬಿಟ್ಟು ಸೂರತ್ ಕಡೆ ತಿರುಗಿ ಪಟ್ಟಣದೊಳಕ್ಕೆ ಹೋದ ಮೇಲೆ ಮತ್ತೆ ಮಹಾನಗರಪಾಲಿಕೆಯ ರಸ್ತೆ, ಅಲ್ಲಿ ಸಂಚಾರದ ಆದೇಶ ಸೂರತ್ ಪೊಲೀಸ್ ಕಮಿಷನರರದು. ಇದೇ ಟೆಂಪೋ ಹೆದ್ದಾರಿಯಿಂದ ಇಳಿದು ಒಂದು ತಾಲೂಕು ಕೇಂದ್ರಕ್ಕೆ ಹೋಗಿದ್ದರೆ ಅದು ರಾಜ್ಯದ ಮಾರ್ಗ ಅನೆ ಮಕಾನ್ ವಿಭಾಗದ, ಅಂದರೆ ನಮ್ಮಲ್ಲಿ ಲೋಕೋಪಯೋಗಿ ಎನ್ನುವ ಇಲಾಖೆಯ ರಸ್ತೆ. ಅಹಮದಾಬಾದನ್ನು ಸುತ್ತುವ ಸರ್ದಾರ್ ಪಟೇಲ್ ರಿಂಗ್ ರೋಡ್ ಮಾಡಿಸಿದ್ದು ನಗರಾಭಿವೃದ್ಧಿ ಪ್ರಾಧಿಕಾರ. ಒಂದು ದಿನದ ದಾರಿಯಲ್ಲಿ ನಾಲ್ಕೈದು ಒಡೆಯರು!

ಹೆದ್ದಾರಿಯ ನಂಬರಿನ ಬಗ್ಗೆ ಒಂದು ಮಾತು. ನಮ್ಮವರು ಈಗಲೂ ‘ಎಂಟು ನಂಬರ್ ಹೈವೇ’ ಎನ್ನುತ್ತಾರೆ. 2010ರಲ್ಲಿ ಕೇಂದ್ರ ಸರ್ಕಾರ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟಿತು. ಈಗಿನ ಸರ್ಕಾರಿ ಪಟ್ಟಿಯಲ್ಲಿ ಹೆದ್ದಾರಿ 8 ಎಂದು ಹುಡುಕಿದರೆ ಅಸ್ಸಾಂ–ತ್ರಿಪುರಾದ ರಸ್ತೆ ಬರುತ್ತದೆ. ನಮ್ಮ ಹಳೆಯ 8ರ ಈ ಭಾಗ ಈಗ 48. ಸಂತೋಷದ ಸಂಗತಿ ಎಂದರೆ ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು ಮೂಲಕ ಬೆಂಗಳೂರಿಗೆ ಹೋಗುವ ಹಳೆಯ 4 ನಂಬರ್ ರಸ್ತೆಯೂ ಈಗ ಇದೇ 48. ಬ್ಯಾಡಗಿ ಮೆಣಸಿನಕಾಯಿಯ ಲಾರಿ ಹಾವೇರಿಯ ಬಳಿ ಹತ್ತಿದ ರಸ್ತೆಯ ನಂಬರಿನಲ್ಲೇ ಸೂರತ್‌ವರೆಗೆ ಬರುತ್ತದೆ. ಉಡುಪಿ, ಕುಂದಾಪುರದ ಹಳೆಯ 17 ಈಗ 66. ಸರ್ಕಾರದ ಯಾವುದೇ ಸೂಚನೆ ಓದುವಾಗ ಹೊಸ ನಂಬರ್ ತಿಳಿದಿರಬೇಕು, ಇಲ್ಲದಿದ್ದರೆ ಸೂಚನೆ ಕಣ್ಣೆದುರಿದ್ದರೂ ನಮ್ಮದೆಂದು ಗೊತ್ತಾಗುವುದಿಲ್ಲ.

ರಾಷ್ಟ್ರೀಯ ಹೆದ್ದಾರಿಯ ವಿಷಯದಲ್ಲಿ ಮಾಹಿತಿ ಸುಲಭ. ಪ್ರಾಧಿಕಾರದ ಟೋಲ್ ಮಾಹಿತಿ ವೆಬ್‌ಸೈಟಿನಲ್ಲಿ ಪ್ರತಿ ಟೋಲ್ ನಾಕಾದ ದರ ವಾಹನದ ವರ್ಗವಾರು ಇದೆ. ದರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಪರಿಷ್ಕರಣೆಯಾಗುವುದರಿಂದ ಮಾರ್ಚ್‌ನಲ್ಲಿ ಕೊಟೇಶನ್ ಕೊಟ್ಟು ಮೇ ತಿಂಗಳ ಮದುವೆ ಮಾಡುವವರು ಹೊಸ ದರ ನೋಡಿಕೊಳ್ಳಬೇಕು. 24 ಗಂಟೆಯೊಳಗೆ ಹೋಗಿ ಬರುವ ವಾಹನಕ್ಕೆ ಎರಡೂ ಬದಿಗೆ ಸೇರಿ ಒಂದೂವರೆ ಪಟ್ಟು ದರ. ರಾತ್ರಿಯ ಊಟ ಮುಗಿಸಿ ಪಾತ್ರೆ ಮರುದಿನ ಬೆಳಿಗ್ಗೆಯೇ ವಾಪಸು ತರುವವರಿಗೆ ಇದು ಲಾಭ. ದಾರಿಯಲ್ಲಿ ತೊಂದರೆಯಾದರೆ 1033 ನಂಬರಿಗೆ ಫೋನ್ ಮಾಡಬಹುದು. 2023ರಲ್ಲಿ ಬಂದ ‘ರಾಜ್‌ಮಾರ್ಗ್ ಯಾತ್ರಾ’ ಆ್ಯಪ್‌ನಲ್ಲಿ ದೂರು ಕೊಡಬಹುದು, ಹತ್ತಿರದ ಪೆಟ್ರೋಲ್ ಬಂಕ್, ಆಸ್ಪತ್ರೆಯ ವಿವರವನ್ನೂ ನೋಡಬಹುದು.

ಗಂಭೀರಾ ಸೇತುವೆಯ ಪಾಠ

ರಾಜ್ಯದ ರಸ್ತೆಗಳ ವಿಷಯ ಇಷ್ಟು ಸುಲಭವಲ್ಲ. ಅಪಾಯ ಹೆಚ್ಚಿರುವುದೂ ಇಲ್ಲೇ ಎಂದು ನಮ್ಮ ಅಭಿಪ್ರಾಯ.

2025ರ ಜುಲೈ 9ರಂದು ಬೆಳಿಗ್ಗೆ ವಡೋದರಾ ಜಿಲ್ಲೆಯ ಪಾದರಾ ತಾಲೂಕು ಮತ್ತು ಆಣಂದ್ ಜಿಲ್ಲೆಯನ್ನು ಜೋಡಿಸುವ ಗಂಭೀರಾ ಸೇತುವೆಯ ಒಂದು ಭಾಗ ಮಹಿಸಾಗರ ನದಿಗೆ ಕುಸಿಯಿತು. 1985ರಲ್ಲಿ ಸಂಚಾರಕ್ಕೆ ತೆರೆದ ಸೇತುವೆ ಅದು. ಲಾರಿ, ಪಿಕಪ್, ಕಾರು ನೀರಿಗೆ ಬಿದ್ದವು. 20ಕ್ಕೂ ಹೆಚ್ಚು ಜನ ತೀರಿಕೊಂಡರು. ತುದಿಯಲ್ಲಿ ನೇತಾಡುತ್ತಿದ್ದ ಟ್ಯಾಂಕರಿನ ಚಿತ್ರವನ್ನು ತಾವೆಲ್ಲ ನೋಡಿದ್ದೀರಿ. ಪಾದರಾ ಕಡೆಯಿಂದ ಬೋರ್ಸದ್ ಕಡೆಗೆ ಊಟ ಕೊಂಡೊಯ್ಯುವವರಿಗೆ ಇದು ಹತ್ತಿರದ ದಾರಿಯಾಗಿತ್ತು. ಬೆಳಗಿನ ಉಪಾಹಾರದ ಆರ್ಡರ್ ಇದ್ದರೆ ನಮ್ಮ ಟೆಂಪೋಗಳು ಆ ಹೊತ್ತಿಗೇ ರಸ್ತೆಯಲ್ಲಿರುತ್ತವೆ.

ರಾಜ್ಯ ಸರ್ಕಾರ ನಂತರ ನಾಲ್ವರು ಇಂಜಿನಿಯರ್‌ಗಳನ್ನು ಅಮಾನತು ಮಾಡಿತು, ರಾಜ್ಯದ ಇತರ ಸೇತುವೆಗಳನ್ನು ಪರೀಕ್ಷೆ ಮಾಡಿಸಿ ಅನೇಕ ಕಡೆ ಭಾರಿ ವಾಹನಗಳನ್ನು ನಿಲ್ಲಿಸಿತು, ಕೆಲವನ್ನು ಪೂರ್ತಿ ಮುಚ್ಚಿತು. ನಮ್ಮ ಪಾಠಕ್ಕೆ ಮುಖ್ಯವಾದ ಅಂಶ ಇನ್ನೊಂದು. ಸೇತುವೆಯ ಸ್ಥಿತಿಯ ಬಗ್ಗೆ 2022ರಲ್ಲೇ ಅಲ್ಲಿನ ಜಿಲ್ಲಾ ಪಂಚಾಯತ್ ಸದಸ್ಯರೊಬ್ಬರು ಇಲಾಖೆಗೆ ಪತ್ರ ಬರೆದಿದ್ದರೆಂದು ಪತ್ರಿಕೆಗಳಲ್ಲಿ ಬಂತು. ಅಂದರೆ ಸಂದೇಹ ಕಡತದಲ್ಲಿತ್ತು, ದಿನವೂ ಅದರ ಮೇಲೆ ಓಡಾಡುವವರಿಗೆ ತಲುಪಿರಲಿಲ್ಲ. ಕೇಳಿದ್ದರೆ ಕೊಡಬೇಕಾದ ಮಾಹಿತಿಯೇ ಅದು. ಕೇಳುವ ಅಭ್ಯಾಸ ನಮಗಾರಿಗೂ ಇಲ್ಲ.

ಈಗ ಏನು ಮಾಡಬಹುದು? ಜಿಲ್ಲೆಯೊಳಗಿನ ಸೇತುವೆಯ ಮೇಲೆ ವಾಹನ ನಿಲ್ಲಿಸುವ, ಬೇರೆ ದಾರಿ ಸೂಚಿಸುವ ಆದೇಶವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು, ಅಂದರೆ ಕಲೆಕ್ಟರರು ಹೊರಡಿಸುತ್ತಾರೆ. ಪ್ರತಿ ಜಿಲ್ಲೆಯ ಕಲೆಕ್ಟರ್ ಕಚೇರಿಯ ವೆಬ್‌ಸೈಟ್ ಇದೆ, ಆದೇಶಗಳು ಅಲ್ಲಿ ಮತ್ತು ಸ್ಥಳೀಯ ಗುಜರಾತಿ ಪತ್ರಿಕೆಗಳಲ್ಲಿ ಬರುತ್ತವೆ. ನದಿಯ ಎರಡು ದಡ ಎರಡು ಜಿಲ್ಲೆಯಾದರೆ ಎರಡೂ ಕಡೆ ನೋಡಬೇಕು. ಮಹಿಯ ಈಚೆ ವಡೋದರಾ, ಆಚೆ ಆಣಂದ್. ಹೆದ್ದಾರಿ 48ರ ವಾಸದ್ ಸೇತುವೆ ಬಳಸಿ ಹೋದರೆ ದೂರ ಹೆಚ್ಚು, ಆದರೆ ಅಲ್ಲಿಯ ಮಾಹಿತಿ ಒಂದೇ ಕಡೆ ಸಿಗುತ್ತದೆ. ರಾಜ್ಯದ ರಸ್ತೆಯಲ್ಲಿ ಗುಂಡಿ, ಸೇತುವೆಯ ಬಿರುಕು, ಮುರಿದ ಕೈಪಿಡಿ ಕಂಡರೆ ‘ಗುಜ್‌ಮಾರ್ಗ್’ ಆ್ಯಪ್‌ನಲ್ಲಿ ಫೋಟೋ ಸಹಿತ ಇಲಾಖೆಗೆ ದೂರು ಕೊಡಬಹುದು. ನಮ್ಮ ಡ್ರೈವರುಗಳ ಫೋನಿನಲ್ಲಿ ಸಿನಿಮಾ ಹಾಡಿನ ಜೊತೆ ಇದೂ ಒಂದು ಇರಲಿ.

ಗೂಗಲ್ ನಕ್ಷೆಯನ್ನು ಬೇಡ ಎನ್ನುತ್ತಿಲ್ಲ. ದಟ್ಟಣೆ ನೋಡಲು ಅದು ಒಳ್ಳೆಯದೇ. ಆದರೆ ಅದು ದಾರಿ ತೋರಿಸುವುದು ಕಾರಿಗೆ, ಬೈಕಿಗೆ. ನಮ್ಮ ವಾಹನದ ತೂಕ ಎಷ್ಟು, ಮೇಲೆ ಕಟ್ಟಿದ ಪಾತ್ರೆಯ ಎತ್ತರ ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ.

ಪಟ್ಟಣದೊಳಗೆ: ಜಾಹೇರನಾಮುಂ ಓದುವುದು

ಮೂರೂ ನಗರಗಳಲ್ಲಿ ಪೊಲೀಸ್ ಕಮಿಷನರರಿದ್ದಾರೆ. ಯಾವ ಹೊತ್ತಿನಲ್ಲಿ ಯಾವ ರಸ್ತೆಗೆ ಯಾವ ತೂಕದ ಸರಕು ವಾಹನ ಬರಬಾರದು, ಎಲ್ಲಿ ಏಕಮುಖ, ಎಲ್ಲಿ ನಿಲುಗಡೆ ಇಲ್ಲ ಎಂಬುದನ್ನೆಲ್ಲ ಅವರೇ ಆದೇಶ ಮಾಡುತ್ತಾರೆ. ಗುಜರಾತ್ ಪೊಲೀಸ್ ಕಾಯ್ದೆ 1951ರ 33ನೇ ಕಲಮಿನಲ್ಲಿ ಅವರಿಗೆ ಈ ಅಧಿಕಾರವಿದೆ. ಈ ಆದೇಶಕ್ಕೆ ಗುಜರಾತಿಯಲ್ಲಿ ‘ಜಾಹೇರನಾಮುಂ’ ಎಂದು ಹೆಸರು. ನಗರ ಪೊಲೀಸರ ವೆಬ್‌ಸೈಟಿನಲ್ಲಿ ಇದೇ ಹೆಸರಿನ ವಿಭಾಗ ನೋಡಬೇಕು.

ಮೋಟಾರು ವಾಹನ ಕಾಯ್ದೆ 1988ರ 115ನೇ ಕಲಮಿನಲ್ಲಿ ನಮ್ಮವರು ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ವಾಹನ ನಿರ್ಬಂಧವನ್ನು ಸಾಮಾನ್ಯವಾಗಿ ಗೆಜೆಟ್‌ನಲ್ಲಿ ಪ್ರಕಟಿಸಬೇಕು. ಆದರೆ ಆ ನಿರ್ಬಂಧ ಒಂದು ತಿಂಗಳಿಗಿಂತ ಹೆಚ್ಚಿನದ್ದಲ್ಲವಾದರೆ ಗೆಜೆಟ್ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ನಮಗೆ ಹೆಚ್ಚು ತೊಂದರೆ ಕೊಡುವವು ಈ ಸಣ್ಣ ಅವಧಿಯವೇ. ಅಹಮದಾಬಾದಿನಲ್ಲಿ ಆಷಾಢ ಬಿದಿಗೆಯ ರಥಯಾತ್ರೆ, ವಡೋದರಾದಲ್ಲಿ ನವರಾತ್ರಿಯ ಗರ್ಬಾ, ಸೂರತ್‌ನಲ್ಲಿ ಗಣೇಶ ವಿಸರ್ಜನೆ, ಯಾರೋ ದೊಡ್ಡವರ ಭೇಟಿ. ಇವುಗಳಿಗೆ ಗೆಜೆಟ್ ತಿರುವಿ ಹಾಕಿ ಪ್ರಯೋಜನವಿಲ್ಲ. ಎರಡು ಮೂರು ದಿನ ಮೊದಲಿನ ಗುಜರಾತಿ ಪತ್ರಿಕೆ, ಸಂಚಾರಿ ಪೊಲೀಸರ ಅಧಿಕೃತ ಸಾಮಾಜಿಕ ಜಾಲತಾಣದ ಖಾತೆ, ಇಲ್ಲವೇ ಸಮೀಪದ ಸಂಚಾರಿ ಠಾಣೆ. ಠಾಣೆಗೆ ಹೋಗಿ ಕೇಳಲು ಸಂಕೋಚ ಬೇಡ. ಆರ್ಡರಿನ ಚೀಟಿ ತೋರಿಸಿ ಕೇಳಿದರೆ ಹೆಚ್ಚಿನವರು ಸರಿಯಾಗಿಯೇ ಹೇಳುತ್ತಾರೆ.

ಆದೇಶ ಗುಜರಾತಿಯಲ್ಲಿರುತ್ತದೆ. ನಮ್ಮ ಹಳಬರಿಗೆ ಮಾತು ಸಲೀಸು, ಓದು ಕಷ್ಟ. ಹತ್ತು ಹನ್ನೆರಡು ಶಬ್ದ ಗೊತ್ತಿದ್ದರೆ ಸಾಕು. ‘ಭಾರೇ ವಾಹನ’ ಎಂದರೆ ಭಾರಿ ವಾಹನ. ‘ಪ್ರವೇಶಬಂಧಿ’, ‘ಪ್ರತಿಬಂಧ’ ನಮಗೂ ತಿಳಿಯುವ ಮಾತುಗಳೇ. ‘ವೈಕಲ್ಪಿಕ ಮಾರ್ಗ’ ಎಂದರೆ ಬದಲಿ ದಾರಿ, ‘ಪುಲ್’ ಸೇತುವೆ, ‘ಗರನಾಳು’ ಎಂದರೆ ರೈಲು ಹಳಿಯ ಕೆಳಗಿನ ದಾರಿ. ‘ಮುಕ್ತಿ’ ಎಂದು ಎಲ್ಲಾದರೂ ಇದ್ದರೆ ಗಮನವಿಟ್ಟು ಓದಬೇಕು, ಅದು ವಿನಾಯಿತಿ. ಹಾಲು, ತರಕಾರಿ, ಆಂಬುಲೆನ್ಸ್ ಮುಂತಾದ ವಾಹನಗಳಿಗೆ ವಿನಾಯಿತಿ ಇದ್ದರೆ ಆ ಸಾಲಿನಲ್ಲಿರುತ್ತದೆ. ತಯಾರಾದ ಊಟದ ವಾಹನವನ್ನು ಹಾಲಿನ ವಾಹನದಂತೆ ಬಿಡುತ್ತಾರೆಂದು ಊಹಿಸಿಕೊಳ್ಳಬಾರದು, ಹೆಸರಿಸಿದ್ದರೆ ಮಾತ್ರ ಉಂಟು. ‘ಥೀ’ ಎಂದರೆ ಇಂದ, ‘ಸುಧೀ’ ಎಂದರೆ ವರೆಗೆ. ‘ಸವಾರೇ’ ಬೆಳಿಗ್ಗೆ, ‘ಬಪೋರೇ’ ಮಧ್ಯಾಹ್ನ, ‘ಸಾಂಜೇ’ ಸಂಜೆ, ‘ರಾತ್ರೇ’ ರಾತ್ರಿ. ಅಂಕಿಗಳನ್ನು ಮಾತ್ರ ಜಾಗ್ರತೆಯಿಂದ ಓದಿ. ಗುಜರಾತಿ 1 ನಮ್ಮ ಕಣ್ಣಿಗೆ ಇಂಗ್ಲಿಷ್ 9ರಂತೆ ಕಾಣುತ್ತದೆ, 5 ಅವರ ‘ಪ’ ಅಕ್ಷರದಂತೆ ಇರುತ್ತದೆ. ಮಧ್ಯಾಹ್ನ 1 ಗಂಟೆಯವರೆಗೆ ಎಂದಿದ್ದನ್ನು ರಾತ್ರಿ 9ರವರೆಗೆ ಎಂದು ಓದಿ ಆರ್ಡರನ್ನೇ ಕೈಬಿಟ್ಟರೆ ಹೇಗೆ? ಎಲ್ಲಕ್ಕೂ ಮೊದಲು ತಾರೀಖು ನೋಡಬೇಕು. ತಾರೀಖಿಲ್ಲದ, ಸಹಿಯಿಲ್ಲದ, ಕ್ರಮಾಂಕವಿಲ್ಲದ ಫೋಟೋವನ್ನು ಆದೇಶವೆಂದು ತಿಳಿಯಬೇಡಿ.

ಮಳೆಗಾಲಕ್ಕೆ ಬೇರೆಯೇ ಲೆಕ್ಕ. ಅಹಮದಾಬಾದಿನ ಅಖಬಾರ್‌ನಗರ, ಮೀಠಾಖಳಿ ಅಂಡರ್‌ಪಾಸ್‌ಗಳನ್ನು, ವಡೋದರಾದ ಅಲ್ಕಾಪುರಿ ಗರನಾಳುವನ್ನು ಜೋರು ಮಳೆಯಲ್ಲಿ ನೀರು ತುಂಬಿ ಮುಚ್ಚುತ್ತಾರೆ. ಸೂರತ್‌ನಲ್ಲಿ ರಾಂದೇರ್ ಮತ್ತು ಸಿಂಗಣಪೋರ್ ನಡುವಿನ ಕಾಸ್‌ವೇ ಮೇಲೆ ತಾಪಿಯ ಮಟ್ಟ 6 ಮೀಟರ್ ಮುಟ್ಟಿದರೆ ವಾಹನ ಸಂಚಾರ ನಿಲ್ಲುತ್ತದೆ. ಉಕಾಯಿ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಂದರೆ ರಾಂದೇರ್ ಕಡೆಯ ಆರ್ಡರಿನವರು ಬೇರೆ ಸೇತುವೆಗೆ ತಯಾರಾಗಬೇಕು. ಈ ಮಾಹಿತಿ ಪೊಲೀಸರಿಗಿಂತ ಮಹಾನಗರಪಾಲಿಕೆಯ ನಿಯಂತ್ರಣ ಕೊಠಡಿಯಲ್ಲಿ ಬೇಗ ಸಿಗುತ್ತದೆ. 2024ರ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿ ಉಕ್ಕಿ ವಡೋದರಾದ ಅರ್ಧ ಊರು ನೀರಿನಲ್ಲಿದ್ದ ದಿನಗಳಲ್ಲಿ ಯಾವ ಸೇತುವೆ ತೆರೆದಿದೆ ಎಂಬ ಒಂದೇ ಪ್ರಶ್ನೆಯ ಮೇಲೆ ಆಹಾರ ಪೊಟ್ಟಣಗಳ ಹಂಚಿಕೆ ನಿಂತಿತ್ತು.

ವಾಹನದ ಕಾಗದ

ಇದು ನಿಜವಾಗಿ ಆರ್‌ಟಿಒ ವಿಷಯ. ಕೇಂದ್ರದ ‘ಪರಿವಾಹನ್’ ವೆಬ್‌ಸೈಟಿನಲ್ಲಿ ‘ವಾಹನ್’ ಭಾಗದಲ್ಲಿ ಗಾಡಿಯ ವಿವರ, ‘ಸಾರಥಿ’ ಭಾಗದಲ್ಲಿ ಚಾಲಕರ ಲೈಸೆನ್ಸ್ ವಿವರ ಸಿಗುತ್ತದೆ. ಬಾಡಿಗೆಗೆ ಟೆಂಪೋ ಮಾಡುವ ಮೊದಲು ಅದರ ನಂಬರ್ ಹಾಕಿ ಫಿಟ್‌ನೆಸ್, ವಿಮೆ ಎಲ್ಲಿಯವರೆಗೆ ಇದೆ ನೋಡಲು ಎರಡು ನಿಮಿಷ ಸಾಕು. ಸರಕು ವಾಹನಕ್ಕೆ ಹೊಸದರಲ್ಲಿ ಎರಡು ವರ್ಷಕ್ಕೆ ಫಿಟ್‌ನೆಸ್ ಸಿಗುತ್ತದೆ, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ನವೀಕರಣ, ಆಮೇಲೆ ಪ್ರತಿ ವರ್ಷ. ಅಹಮದಾಬಾದಿನಲ್ಲಿ ಜಿಜೆ 01 ಸುಭಾಷ್ ಬ್ರಿಜ್ ಕಚೇರಿಯದು, ಜಿಜೆ 27 ಪೂರ್ವ ಭಾಗದ ವಸ್ತ್ರಾಲ್ ಕಚೇರಿಯದು. ವಡೋದರಾಕ್ಕೆ 06, ಸೂರತ್‌ಗೆ 05.

ಎರಡು ಸಂಗತಿಗಳನ್ನು ನಮ್ಮ ಸಣ್ಣ ಸದಸ್ಯರು ಕೇಳುತ್ತಲೇ ಇರುತ್ತಾರೆ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ, ಕಾಯ್ದೆಯ 66ನೇ ಕಲಮಿನಲ್ಲೇ ಈ ವಿನಾಯಿತಿ ಇದೆ. ಪರ್ಮಿಟ್ ಮಾತ್ರ ಬೇಕಿಲ್ಲ, ಫಿಟ್‌ನೆಸ್ ಮತ್ತು ವಿಮೆ ಬೇಕೇ ಬೇಕು. ಇನ್ನೊಂದು, ಲೈಸೆನ್ಸ್‌ನದು. ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ನಮೂದು ಇಲ್ಲದೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಊರಿನಿಂದ ಗಾಡಿ ತಂದವರು ಒಂದು ನೆನಪಿಡಬೇಕು. ಕರ್ನಾಟಕದ ನಂಬರಿನ ವಾಹನ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಗುಜರಾತಿನ ನಂಬರ್ ಮಾಡಿಸಲೇಬೇಕು. ಭಿಲಾಡ್ ಮುಂತಾದ ಆರ್‌ಟಿಒ ಚೆಕ್‌ಪೋಸ್ಟ್‌ಗಳನ್ನು 2019ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆಗೆದುಹಾಕಿತು. ಹಾಗಾಗಿ ಗಡಿಯಲ್ಲಿ ಯಾರೂ ನಿಲ್ಲಿಸಲಿಲ್ಲ ಎಂದರೆ ಕಾಗದ ಸರಿಯಿದೆ ಎಂದು ಅರ್ಥವಲ್ಲ.

ಚಲನ್ ಬಂದಿದೆ ಎಂದು ಮೊಬೈಲಿಗೆ ಬರುವ ಲಿಂಕ್ ಒತ್ತಲೇಬೇಡಿ. ‘ಆರ್‌ಟಿಒ ಚಲನ್’ ಎಂಬ ಹೆಸರಿನಲ್ಲಿ ಫೈಲ್ ಕಳಿಸಿ ಬ್ಯಾಂಕಿನ ಹಣ ಎಳೆಯುವ ಮೋಸ ದೇಶಾದ್ಯಂತ ನಡೆದಿದೆ. ವೆಬ್‌ಸೈಟಿನ ವಿಳಾಸದ ಕೊನೆ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಇದೆಯೇ ನೋಡಿ, ನಾವೇ ಟೈಪ್ ಮಾಡಿ ಒಳಗೆ ಹೋಗಬೇಕು.

ರೈಲು: ಭಟ್ಟರು ಎಲ್ಲಿ ಇಳಿಯುತ್ತಾರೆ?

ಸೀಸನ್ನಿಗೆ ಅಡಿಗೆಯವರು ಉಡುಪಿ, ಕುಂದಾಪುರ, ಶಿರಸಿ ಕಡೆಯಿಂದ ಬರುತ್ತಾರೆ. ಕರಾವಳಿಯವರಿಗೆ ಓಖಾ–ಎರ್ನಾಕುಲಂ, ವೆರಾವಲ್–ತಿರುವನಂತಪುರಂ ಮುಂತಾದ ಗಾಡಿಗಳು, ವಾರಕ್ಕೆ ಒಂದೋ ಎರಡೋ ದಿನ ಮಾತ್ರ. ಹುಬ್ಬಳ್ಳಿ ಕಡೆಯವರಿಗೆ ಅಜ್ಮೇರ್–ಮೈಸೂರು, ಗಾಂಧಿಧಾಮ್–ಬೆಂಗಳೂರು ಗಾಡಿಗಳಿವೆ. 2024ರ ನವೆಂಬರ್ 1ರಿಂದ ಮುಂಗಡ ಬುಕ್ಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಮುಹೂರ್ತದ ಪಟ್ಟಿ ಬಂದ ಕೂಡಲೇ ಈ 60ನೇ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಲೇಸು.

ರೈಲ್ವೆಗೂ ‘ಯಾರದು’ ಎಂಬ ಪ್ರಶ್ನೆ ಇದೆ, ಉತ್ತರ ಆಶ್ಚರ್ಯ ತರುವಂಥದ್ದು. ಮೂರೂ ಊರು ಪಶ್ಚಿಮ ರೈಲ್ವೆಯವೇ ಆದರೂ ಅಹಮದಾಬಾದ್ ಮತ್ತು ವಡೋದರಾಕ್ಕೆ ಅವವೇ ಹೆಸರಿನ ವಿಭಾಗಗಳಿವೆ, ಸೂರತ್ ಮಾತ್ರ ಮುಂಬಯಿ ಸೆಂಟ್ರಲ್ ವಿಭಾಗಕ್ಕೆ ಸೇರಿದೆ. ಸೂರತ್‌ನ ಪಾರ್ಸೆಲ್ ಬಗ್ಗೆ ವಡೋದರಾಕ್ಕೆ ಅರ್ಜಿ ಬರೆದರೆ ಅದು ತಿರುಗಿ ತಿರುಗಿ ಮುಂಬಯಿಗೇ ಹೋಗಬೇಕು. ಇತ್ತ ಉಡುಪಿ, ಕುಂದಾಪುರ ನಿಲ್ದಾಣಗಳು ಕೊಂಕಣ ರೈಲ್ವೆ ನಿಗಮದವು, ಮಂಗಳೂರು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು, ಹುಬ್ಬಳ್ಳಿ ನೈಋತ್ಯ ರೈಲ್ವೆಯದು. ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆ ವೇಳಾಪಟ್ಟಿ ಇರುತ್ತದೆ. ಹಿಂದೆ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಮೊಟಕಾಯಿತು. ನವರಾತ್ರಿಗೆ ಬರುವ ತಂಡ ಸಾಮಾನ್ಯವಾಗಿ ಈ ಅವಧಿಯೊಳಗೇ ಬರುವುದರಿಂದ ಹಳೆಯ ಸಮಯ ನಂಬಿ ನಿಲ್ದಾಣಕ್ಕೆ ಗಾಡಿ ಕಳಿಸಿದರೆ ಕೆಲಸಗಾರರು ಕಾಯಬೇಕು, ಇಲ್ಲ ನಾವು ಕಾಯಬೇಕು.

2025ರ ಮೊದಲ ತಿಂಗಳುಗಳಲ್ಲಿ ಸೂರತ್ ನಿಲ್ದಾಣದ ಪುನರ್ನಿರ್ಮಾಣದ ಕೆಲಸಕ್ಕಾಗಿ ಬಹಳಷ್ಟು ರೈಲುಗಳ ನಿಲುಗಡೆಯನ್ನು ಉಧನಾಕ್ಕೆ ಬದಲಿಸಿದ್ದರು. ಅಹಮದಾಬಾದಿನ ಕಾಲೂಪುರ್ ನಿಲ್ದಾಣದ ಕೆಲಸಕ್ಕಾಗಿಯೂ ಹಲವು ರೈಲುಗಳನ್ನು ಬೇರೆ ನಿಲ್ದಾಣಗಳಿಂದ ಹೊರಡಿಸಿದ್ದಾರೆ. ಆದ್ದರಿಂದ ಟಿಕೆಟಿನ ಮೇಲಿನ ಹೆಸರನ್ನಷ್ಟೇ ನೋಡಿ ಸುಮ್ಮನಾಗದೆ ಹಿಂದಿನ ದಿನ ರೈಲ್ವೆಯ ರಾಷ್ಟ್ರೀಯ ರೈಲು ವಿಚಾರಣಾ ವ್ಯವಸ್ಥೆಯಲ್ಲಿ, ಅಂದರೆ ಎನ್‌ಟಿಇಎಸ್‌ನಲ್ಲಿ, ಗಾಡಿ ಸಂಖ್ಯೆ ಹಾಕಿ ನಿಲ್ದಾಣ ಮತ್ತು ಸಮಯ ನೋಡಬೇಕು. ಅಂತರ್ಜಾಲ ಬಾರದವರಿಗೆ 139 ನಂಬರ್ ಇದೆ. ಖಾಸಗಿ ಆ್ಯಪ್‌ಗಳು ಚೆನ್ನಾಗಿವೆ, ಆದರೆ ನಿಲುಗಡೆ ಬದಲಾವಣೆಯಂಥ ವಿಷಯದಲ್ಲಿ ಮೂಲವನ್ನೇ ನೋಡುವುದು ಒಳ್ಳೆಯದು.

ಸ್ಲೀಪರ್ ಟಿಕೆಟಿಗೆ 40 ಕಿಲೋ ಸಾಮಾನು ಉಚಿತ, ಎರಡನೇ ದರ್ಜೆಗೆ 35. ತುರಿಮಣೆ, ಸೌಟು ಈ ಲೆಕ್ಕದಲ್ಲಿ ಬರುತ್ತವೆ. ಗ್ಯಾಸ್ ಸಿಲಿಂಡರ್ ಮಾತ್ರ ಎಷ್ಟು ಚಿಕ್ಕದಾದರೂ ಕೂಡದು. ರೈಲ್ವೆ ಕಾಯ್ದೆಯ 164ನೇ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು.

ಎಲ್ಲೂ ಸಿಗದಿದ್ದರೆ ಕೇಳಿ ಪಡೆಯುವುದು

ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಮಿನಂತೆ ಪ್ರತಿ ಕಚೇರಿ ತನ್ನ ಕೆಲಸ, ನಿಯಮ, ಅಧಿಕಾರಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ವೆಬ್‌ಸೈಟಿನಲ್ಲಿ ‘ಆರ್‌ಟಿಐ’ ಎಂಬ ಮೂಲೆಯಲ್ಲಿ ಇದು ಇರುತ್ತದೆ. ಸಂಬಂಧಪಟ್ಟ ಮಾಹಿತಿ ಅಧಿಕಾರಿಯ ಹೆಸರೂ ಅಲ್ಲೇ ಸಿಗುತ್ತದೆ. ಅದರಲ್ಲಿಲ್ಲದ್ದಕ್ಕೆ ಅರ್ಜಿ. ಹೆದ್ದಾರಿ ಪ್ರಾಧಿಕಾರ, ರೈಲ್ವೆ ಇವು ಕೇಂದ್ರದವು, ಶುಲ್ಕ 10 ರೂಪಾಯಿ, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಗುಜರಾತ್ ರಾಜ್ಯದ ಕಚೇರಿಗಳಿಗೆ 20 ರೂಪಾಯಿ, ನಗದು, ಪೋಸ್ಟಲ್ ಆರ್ಡರ್ ಅಥವಾ ಕೋರ್ಟ್ ಫೀ ಸ್ಟಾಂಪಿನಲ್ಲಿ. ಉತ್ತರ 30 ದಿನದೊಳಗೆ ಬರಬೇಕು, ಬಾರದಿದ್ದರೆ ಅಥವಾ ಸರಿಯಿಲ್ಲದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವ ಹೊಣೆ ಅವರದ್ದೇ. ಭಾಷೆಯ ವಿಷಯ ಗಮನದಲ್ಲಿರಲಿ. ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಅರ್ಜಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ಇಲ್ಲಿ ಅದು ಗುಜರಾತಿ, ಕನ್ನಡದಲ್ಲಿ ಕೊಟ್ಟರೆ ನಡೆಯುವುದಿಲ್ಲ. ಬರೆಯಲು ಬಾರದವರಿಗೆ ಬಾಯಿಮಾತಿನ ಕೋರಿಕೆಯನ್ನು ಬರಹಕ್ಕಿಳಿಸಲು ಅಧಿಕಾರಿ ನೆರವಾಗಬೇಕೆಂಬ ಮಾತೂ ಅದೇ ಕಲಮಿನಲ್ಲಿದೆ.

ಅರ್ಜಿಯಲ್ಲಿ ‘ಏಕೆ ರಿಪೇರಿ ಮಾಡಿಲ್ಲ’ ಎಂದು ಜಗಳದ ದಾಟಿ ಬೇಡ. ಕಾಗದವನ್ನು ಕೇಳಬೇಕು. ವಡೋದರಾದ ಸದಸ್ಯರ ಅನುಕೂಲಕ್ಕಾಗಿ ನಾವು ಸಿದ್ಧಪಡಿಸಿರುವ ಮಾದರಿಯಲ್ಲಿ ಕೇಳಿರುವುದು ಇಷ್ಟು: ಜಿಲ್ಲೆಯ ಇಂಥ ರಸ್ತೆಯಲ್ಲಿ ಇಂಥ ಸೇತುವೆಯ ಕೊನೆಯ ತಪಾಸಣೆ ನಡೆದ ತಾರೀಖು, ಆ ತಪಾಸಣಾ ವರದಿಯ ಪ್ರತಿ, ಈಗ ಅದರ ಮೇಲೆ ಅನುಮತಿಸಿದ ವಾಹನದ ಗರಿಷ್ಠ ತೂಕ, ಮತ್ತು ನಿರ್ಬಂಧವೇನಾದರೂ ಇದ್ದರೆ ಆ ಆದೇಶದ ಪ್ರತಿ. ಎ4 ಪುಟಕ್ಕೆ 2 ರೂಪಾಯಿಯಂತೆ ಪ್ರತಿಯ ಖರ್ಚು. ಮಾದರಿಯ ಗುಜರಾತಿ ಮತ್ತು ಹಿಂದಿ ಪ್ರತಿಗಳು ಸಂಘದ ಕಚೇರಿಯಲ್ಲಿವೆ, ಸೇತುವೆಯ ಹೆಸರು ತುಂಬಿ ಕಳಿಸಿದರಾಯಿತು. ಬಂದ ಉತ್ತರದ ಒಂದು ಪ್ರತಿಯನ್ನು ಸಂಘಕ್ಕೂ ಕೊಡಬೇಕಾಗಿ ಕೋರುತ್ತೇವೆ. ಕಾರ್ತಿಕದ ಮುಹೂರ್ತಗಳು ಶುರುವಾಗುವ ಮೊದಲು ಮಹಿ, ನರ್ಮದಾ, ತಾಪಿ ಈ ಮೂರು ನದಿಗಳ ಸೇತುವೆಗಳ ಪಟ್ಟಿಯನ್ನು ತಾರೀಖು ಸಹಿತ ಗೋಡೆಗೆ ಹಾಕುವ ಯೋಚನೆ ಇದೆ.